ಹನ್ನೊಂದು ಜನರ ಸರಾಸರಿ

ಎದೆಯ ಮೇಲೆ ಅಂಟಿಸಿದ ಚೀಟಿಯ ಮೂಲೆ ಮತ್ತೆ ಎದ್ದುಕೊಂಡಿದೆ, ಒತ್ತಿದರೆ ಕೂರುತ್ತದೆ, ಕೈ ತೆಗೆದರೆ ಏಳುತ್ತದೆ — ಕೊರಿನ್ ವಾಸ್ಕೊ, ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿನಿ, ಮನಶ್ಶಾಸ್ತ್ರ ವಿಭಾಗ — ಹೆಮ್ಮೆಯಂತೆ, ಥೂ, ಶನಿವಾರದ ನಿದ್ದೆ ಬಿಟ್ಟು ಬಂದ ಹೆಮ್ಮೆಗೆ ಒಂದು ಕೋಳಿ ಸ್ಯಾಂಡ್‌ವಿಚ್ಚು, ಒಂದು ಪೊಟ್ಟಣ ಚಿಪ್ಸು, ಆದರೂ ಪ್ರೊಫೆಸರ್ ಹಾಲಿಂಗರ್ ಫೋನು ಮಾಡಿದಾಗ ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ, ನೀನು ಬಂದ್ರೆ ಹೊಸ ಮಕ್ಳಿಗೆ ಧೈರ್ಯ ಬರುತ್ತೆ ಕಣೇ, ಮೇಜಿನ ಹಿಂದೆ ನಿಂತ್ಕೊಂಡು ನಗ್ತಾ ಇರು ಸಾಕು, ಹಾಗೆ ಒಂಬತ್ತು ಗಂಟೆಯಿಂದ ನಗುತ್ತಲೇ ಇದ್ದಾಳೆ, ಕೆನ್ನೆ ನೋಯುತ್ತಿದೆ, ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಗಳದ ತುಂಬ ಬಲೂನು, ಸೀಟು ಸಿಕ್ಕ ಮಕ್ಕಳು, ಅವರ ಹಿಂದೆ ಜೇಬು ಮುಟ್ಟಿ ನೋಡಿಕೊಳ್ಳುವ ಅಪ್ಪಂದಿರು, ಇವತ್ತೇ ಕೊನೆಯ ದಿನ, ಪಕ್ಕದ ಮೇಜಿನಲ್ಲಿ ಮುನ್ನೂರು ಡಾಲರ್ ಕಟ್ಟಿ ರುಜು ಹಾಕಿದರೆ ಸೀಟು ಖಾಯಂ, ಮುಂದಿನದಕ್ಕೆಲ್ಲ ಸಾಲವಿದೆ, ಸಾಲ ಕೊಡುವವರೂ ನಗುತ್ತಲೇ ಇರುತ್ತಾರೆ. ಅವಳ ಮುಂದೆ ಕರಪತ್ರಗಳ ಕಟ್ಟು, ಹೊಳೆಯುವ ಕಾಗದ, ನಟ್ಟನಡುವೆ ದಪ್ಪ ಅಕ್ಷರದಲ್ಲಿ, ನಮ್ಮ ಮನಶ್ಶಾಸ್ತ್ರ ಪದವೀಧರರ ಸರಾಸರಿ ಗಳಿಕೆ ವರ್ಷಕ್ಕೆ ನಲವತ್ತಾರು ಸಾವಿರ ಡಾಲರ್, ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಉತ್ತರಿಸಿದವರು ಹನ್ನೊಂದು ಮಂದಿ. ಅವಳ ಜೊತೆ ಆ ವರ್ಷ ಪಾಸಾದವರು ಅರವತ್ತಮೂರು. ಆ ಹನ್ನೊಂದರಲ್ಲಿ ಅವಳೂ ಒಬ್ಬಳು.

ಅಂದು ಕಾರಿನಲ್ಲಿ ಕೂತಿದ್ದಳು, ಮಾತು ಬಾರದ ಮಕ್ಕಳ ಆ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷವಾಗಿರಲಿಲ್ಲ, ಐದು ವರ್ಷದ ಹುಡುಗಿಯೊಬ್ಬಳು ಮೊಣಕೈ ಹತ್ತಿರ ಕಚ್ಚಿದ ಗಾಯಕ್ಕೆ ಐಸ್ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಫೋನು ನೋಡುತ್ತಿದ್ದಾಗ ಕಾಲೇಜಿನಿಂದ ಬಂದ ಇಮೇಲ್, ನೀವೀಗ ಎಲ್ಲಿದ್ದೀರಿ, ಎಷ್ಟು ಗಳಿಸುತ್ತಿದ್ದೀರಿ, ಉತ್ತರಿಸಿದವರಿಗೆಲ್ಲ ಕಾಲೇಜಿನ ಹೆಸರಿರುವ ಅಂಗಿ ಉಚಿತ. ಗಂಟೆಗೆ ಹದಿನಾಲ್ಕು ಡಾಲರ್, ವರ್ಷಕ್ಕೆ ಇಪ್ಪತ್ತೊಂಬತ್ತು ಸಾವಿರ, ಅದನ್ನೇ ಬರೆಯಹೊರಟಳು, ಎರಡು ಒತ್ತಿದಳು, ಒಂಬತ್ತು ಒತ್ತಿದಳು, ಮೇಲೆ ತನ್ನದೇ ಹೆಸರು, ಹಾಲಿಂಗರ್ ನೋಡುತ್ತಾರೆ, ನೀನು ಮುಂದೆ ದೊಡ್ಡ ಹೆಸರು ಮಾಡ್ತೀಯ ಎಂದು ಎಲ್ಲರೆದುರು ಹೇಳಿದ್ದ ಹಾಲಿಂಗರ್, ಅಳಿಸಿದಳು, ಐವತ್ತೆರಡು ಸಾವಿರ ಎಂದು ಒತ್ತಿದಳು, ಯಾರಿಗೇನು ನಷ್ಟ. ಆ ಅಂಗಿ ಈಗ ಕಾರು ಒರೆಸುವ ಬಟ್ಟೆ. ಐದು ವರ್ಷದಿಂದ ಅದೇ ಅಂಕಿಯನ್ನು ಅಚ್ಚು ಹಾಕಿಸುತ್ತಿದ್ದಾರೆ. ಸಂಖ್ಯಾಶಾಸ್ತ್ರ ಒಂದನ್ನಾದರೂ ಅವಳು ಚೆನ್ನಾಗಿ ಓದಿದ್ದಳು, ಹನ್ನೊಂದರಲ್ಲಿ ಒಬ್ಬಳು ಇಪ್ಪತ್ತಮೂರು ಸಾವಿರದ ಸುಳ್ಳು ಹೇಳಿದರೆ ಸರಾಸರಿ ಎರಡು ಸಾವಿರ ಮೇಲೇರುತ್ತದೆ, ಉಳಿದ ಹತ್ತೂ ಮಂದಿ ಕಾರಿನಲ್ಲಿ ಕೂತೇ ಬರೆದರೇನೋ, ಯಾರಿಗೆ ಗೊತ್ತು, ಯಾರು ಯಾರನ್ನು ಕೇಳುತ್ತಾರೆ. ಸಾಲ ಮಾತ್ರ ಸುಳ್ಳು ಹೇಳುವುದಿಲ್ಲ, ಮೂವತ್ತೆಂಟು ಸಾವಿರ ತೆಗೆದದ್ದು, ಆರು ವರ್ಷ ಕಟ್ಟಿದ ಮೇಲೂ ಬಡ್ಡಿ ಬೆಳೆದು ಉಳಿದಿರುವುದು ನಲವತ್ತೊಂದು ಸಾವಿರ, ಅದಕ್ಕೆ ಅಮ್ಮನದೂ ರುಜು ಇದೆ, ಅರವತ್ತನಾಲ್ಕಾದರೂ ಅಮ್ಮ ಶಾಲೆಯ ಕ್ಯಾಂಟೀನಿನಲ್ಲಿ ಮಕ್ಕಳ ತಟ್ಟೆಗೆ ಮೆಕರೋನಿ ಬಡಿಸುತ್ತಲೇ ಇದ್ದಾಳೆ, ಮನೇಲಿ ಕೂತ್ರೆ ಸೊಂಟ ಹಿಡ್ಕೊಳ್ಳುತ್ತೆ ಕಣೇ, ಅದಕ್ಕೇ ಹೋಗ್ತೀನಿ, ನಿನ್ನ ಸಾಲಕ್ಕೇನಲ್ಲ. ಹೀಗೆ ಮಾತು ಮರೆಸುವುದಕ್ಕೂ ಪುಸ್ತಕದಲ್ಲೊಂದು ಹೆಸರಿದೆ. ನಾಚಿಕೆಗಿದೆ, ಅಂಜಿಕೆಗಿದೆ, ಅಂಜಿಕೆಯಿಂದ ಆಡುವ ಸುಳ್ಳಿಗೂ ಇದೆ, ಮೂವತ್ತೆಂಟು ಸಾವಿರ ಕೊಟ್ಟು ಹೆಸರು ಕಲಿತಿದ್ದಾಳೆ, ವಾಸಿ ಮಾಡುವುದನ್ನು ಕಲಿಯಬೇಕೆಂದರೆ ಇನ್ನೂ ಮೇಲೆ ಓದಬೇಕು, ಅದಕ್ಕೆ ಬೇರೆ ಸಾಲ.

ಏನಮ್ಮಾ, ಇದು ನಿಜಾನಾ? — ಅವಳು ಬೆಚ್ಚಿ ನೋಡುತ್ತಾಳೆ, ಐವತ್ತರ ಆಸುಪಾಸಿನ ಗಂಡಸು, ಅಂಗಿಯ ಮೇಲೆ ಲಾನಿ ಪೆಟ್ರಾಕ್, ಛಾವಣಿ ಕೆಲಸ ಎಂದು ಹೊಲಿದಿದೆ, ಪಕ್ಕದಲ್ಲಿ ಮಗಳು, ನಾಚಿಕೆಯಿಂದ ಕೆಂಪಾಗಿ ಅಪ್ಪನ ತೋಳು ಎಳೆಯುತ್ತಿದ್ದಾಳೆ, ಅಪ್ಪಾ, ಹಾಗೆಲ್ಲ ಕೇಳಬಾರ್ದು, ಸುಮ್ನಿರೇ ಟೆಸಾ, ಕಾಸು ಕೊಡೋನು ನಾನು, ಕೇಳದೆ ಇನ್ನೇನು, ಮತ್ತೆ ಅವನ ಹೆಬ್ಬೆರಳು ಕರಪತ್ರದ ಮೇಲೆ, ಸುತ್ತಿಗೆ ಬಿದ್ದು ಕಪ್ಪಾದ ಉಗುರು, ನಲವತ್ತಾರರ ಪಕ್ಕದಲ್ಲೇ. ಸಾಲ ಅವಳ ಹೆಸರಲ್ಲಿ ಸಾಲ್ದಂತೆ, ಉಳಿದದ್ದು ನನ್ ಹೆಸರಲ್ಲಿ ತೆಗೀಬೇಕಂತೆ, ನನ್ನ ಮಂಡಿ ಇನ್ನೆಷ್ಟು ವರ್ಷ ಏಣಿ ಹತ್ತುತ್ತೋ, ಅದಕ್ಕೇ ಕೇಳ್ತಿದೀನಿ, ಬೇಜಾರಾಗ್ಬೇಡ, ನಿನಗೆಷ್ಟು ಬರುತ್ತೆ? ಹೇಳಿಬಿಡು, ಹೇಳು, ಅವನ ಮಂಡಿಗಾದರೂ ಹೇಳು, ಗಂಟೆಗೆ ಹದಿನೆಂಟು ಡಾಲರ್, ಎನ್ನುತ್ತಾಳೆ, ತನ್ನ ದನಿ ತನಗೇ ಹೊಸದಾಗಿ ಕೇಳುತ್ತದೆ, ಕೇಂದ್ರಕ್ಕೆ ಮಕ್ಳು ಬರದೇ ಇದ್ದ ದಿನ ಅದೂ ಇಲ್ಲ, ಮನೆ ಬಾಡಿಗೆ ಕಟ್ಟೋಕಾಗ್ದೆ ಈಗ ಅಮ್ಮನ ಜೊತೇಲಿದೀನಿ. ಟೆಸಾ ತೋಳು ಎಳೆಯುವುದನ್ನು ಬಿಟ್ಟಿದ್ದಾಳೆ. ಲಾನಿ ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕುತ್ತಾನೆ, ಅಳತೆಪಟ್ಟಿ ಹಿಡಿದು ಬದುಕಿದವನ ಲೆಕ್ಕ, ತಪ್ಪುವುದಿಲ್ಲ, ಮೂವತ್ತೇಳು ಸಾವಿರಾನೂ ಪೂರ್ತಿ ಬರಲ್ಲ ಅನ್ನು, ಆಮೇಲೆ ಅವನ ಮುಖ ಅರಳುತ್ತದೆ, ಹಂಗಂದ್ರೆ ಉಳಿದೋರೆಲ್ಲ ನಿನಗಿಂತ ಜಾಸ್ತಿನೇ ದುಡೀತಿರಬೇಕು, ಇಲ್ಲಾಂದ್ರೆ ಸರಾಸರಿ ನಲವತ್ತಾರು ಹೆಂಗೆ ಬರುತ್ತೆ, ಕೊರಗಬೇಡಮ್ಮಾ, ಯಾರಾದ್ರೂ ಕೆಳಗಿರ್ಲೇಬೇಕಲ್ಲ, ನಮ್ಮ ಟೆಸಾ ಮೊದಲಿಂದ್ಲೂ ಗಟ್ಟಿಗಿತ್ತಿ.

ಇಲ್ಲ, ಹಾಗಲ್ಲ, ಅದರಲ್ಲಿ ನನ್ನದೂ ಇದೆ, ನಾನು ಬರೆದದ್ದು ಸುಳ್ಳು — ಮಾತು ಗಂಟಲವರೆಗೆ ಬಂದಿದೆ, ಬಾಯಿ ತೆರೆದೂ ಆಗಿದೆ, ಅಷ್ಟರಲ್ಲಿ ಹೆಗಲ ಮೇಲೊಂದು ಬೆಚ್ಚನೆಯ ಕೈ, ಲ್ಯಾವೆಂಡರ್ ವಾಸನೆ, ಹಾಲಿಂಗರ್, ಇವಳು ನಮ್ಮ ಕೊರಿನ್, ಚಿನ್ನದಂಥ ಹುಡುಗಿ, ನಿಮ್ಮ ಮಗಳೂ ಇವಳ ಥರಾನೇ ಆಗ್ತಾಳೆ ನೋಡಿ. ಲಾನಿ ಅವಳತ್ತ ನೋಡಿ ಕಣ್ಣು ಮಿಟುಕಿಸುತ್ತಾನೆ, ನೀ ಹೇಳಿದ್ದು ನಮ್ಮಿಬ್ಬರಲ್ಲೇ ಇರಲಿ ಎಂಬಂತೆ, ಒಳ್ಳೆಯ ಮನುಷ್ಯ, ಅವಳ ಮಾನ ಕಾಯುತ್ತಿದ್ದಾನೆ, ಒಂದು ಮಾತು ಸಾಕು, ಬರೀ ಒಂದು, ಹಾಲಿಂಗರ್ ಎದುರಿಗೇ ಹೇಳಬೇಕು, ಹೇಳಿದರೆ ಆ ಕೈ ಹೆಗಲಿಂದ ಸರಿದುಹೋಗುತ್ತದೆ, ಹೋಗಲಿ ಬಿಡು, ಅದರಿಂದ ಯಾವತ್ತಾದರೂ ಊಟ ಬಂದಿದೆಯೇ, ಹೇಳು, ಹೇಳೇ ಕೊರಿನ್, ಅವರಾಗಲೇ ಪಕ್ಕದ ಮೇಜಿಗೆ ಹೋಗಿದ್ದಾರೆ, ಟೆಸಾ ಒಮ್ಮೆ ತಿರುಗಿ ನೋಡುತ್ತಾಳೆ, ಕೊರಿನ್‌ಳ ಕೆನ್ನೆ ತಂತಾನೇ ನಗುತ್ತದೆ, ಆರು ಹೆಜ್ಜೆ, ಕೂಗಿದರೆ ಕೇಳುತ್ತದೆ, ಲಾನಿ ಪೆನ್ನು ಹಿಡಿದಿದ್ದಾನೆ, ಅರ್ಜಿ ಜಾರದಂತೆ ಎಡಗೈಯಿಂದ ಒತ್ತಿಕೊಂಡಿದ್ದಾನೆ, ಕರಪತ್ರವೂ ಅದೇ ಕೈಯಲ್ಲಿ, ಆ ಕಪ್ಪು ಉಗುರು ನಲವತ್ತಾರರ ಕೆಳಗೆ, ಸಣ್ಣ ಅಕ್ಷರ ಇದ್ದ ಜಾಗದಲ್ಲಿ, ಒಂದಕ್ಷರವೂ ಕಾಣದ ಹಾಗೆ ಆ ಉಗುರು, ಪೆನ್ನು ಚಲಿಸುತ್ತಿದೆ, ಆ ಉಗುರು —