ಬೀರುವಿಗೆ ಕೊಟ್ಟ ಹೆಗಲು

"ಬಿಡಿ ಸ್ವಾಮಿ ಇತ್ಲಾಗೆ, ಹಾಗೆ ಗುದ್ದಾಡಿದ್ರೆ ಗೋಡೆ ಬೀಳುತ್ತೆ ಹೊರತು ಇದು ತಿರುಗಲ್ಲ," ಎಂದು ಲಾರಿಯ ಹಮಾಲಿ ಕುಳ್ಳ, ಶವದ ವ್ಯಾನಿನವನ ಕೈಯಿಂದ ಸ್ಟ್ರೆಚರ್ ಕಿತ್ತುಕೊಂಡ.

ಎರಡನೇ ಮಹಡಿಯ ತಿರುವಿನಲ್ಲಿ ಅದರ ಕಾಲು ಕಬ್ಬಿಣದ ಕಂಬಿಗೆ ಸಿಕ್ಕಿಕೊಂಡಿತ್ತು. ಕುಳ್ಳ ಅದನ್ನು ನೆಟ್ಟಗೆ ನಿಲ್ಲಿಸಿ, ಕಂಬಿಯ ಮೇಲಿಂದ ಹಾಯಿಸಿ, ಮೂರನೇ ಮಹಡಿಯ ಬಾಗಿಲಿಗೆ ತಂದು ಒರಗಿಸಿದ.

"ಬರೋವಾಗ ಖಾಲಿ. ನಿಲ್ಲಿಸ್ಕೊಂಡು ಬಂದ್ರಿ," ಎಂದ ವ್ಯಾನಿನವನು ಬೆವರು ಒರೆಸಿಕೊಳ್ಳುತ್ತಾ. "ಹೋಗೋವಾಗ ಏನ್ಮಾಡ್ತೀರಿ?"

ಕುಳ್ಳ ಅಭ್ಯಾಸದಂತೆ ಒಳಗೆ ನೋಡಿದ. ಇಂಥ ಪ್ರಶ್ನೆಗೆಲ್ಲ ಉತ್ತರ ಹೇಳುತ್ತಿದ್ದವರು ಮೇಸ್ತ್ರಿ. ಮನೆ ಸಾಮಾನು ಸಾಗಿಸುವ ಲಾರಿಯ ಜೊತೆ ಮೂವತ್ತು ವರ್ಷ ದುಡಿದವರು. ಫ್ರಿಜ್ಜೋ, ಕಪಾಟೋ, ಮುತ್ತಜ್ಜಿಯ ಕಾಲದ ಮಂಚವೋ, ಬಾಗಿಲನ್ನೊಮ್ಮೆ ಅದನ್ನೊಮ್ಮೆ ನೋಡಿ, "ತಲೆ ಮುಂದೆ, ಹೊಟ್ಟೆ ಗೋಡೆಗೆ" ಎಂದರೆ ಮುಗಿಯಿತು, ಅದು ತಾನಾಗಿಯೇ ಆಚೆ ಬಂದಂತೆ ಬರುತ್ತಿತ್ತು. ಆ ಮೇಸ್ತ್ರಿ ಈಗ ನಡುಮನೆಯಲ್ಲಿ, ಎದೆಯವರೆಗೆ ದಪ್ಪ ರಗ್ಗು ಹೊದ್ದು, ಕಣ್ಣು ಮುಚ್ಚಿ ಮಲಗಿದ್ದರು. ನಿನ್ನೆ ಸಂಜೆ ಹೋಗಿಬಿಟ್ಟಿದ್ದರು.

"ಎದೆ ಮಟ್ಟಕ್ಕೆ ಎತ್ತಿ ಕಂಬಿ ಮೇಲಿಂದ ತಿರುಗಿಸ್ಬೇಕು," ಎಂದ ಕುಳ್ಳ ಕೊನೆಗೆ. "ಕಷ್ಟ ಇದೆ. ನಮ್ಮ ಮೇಸ್ತ್ರಿ ಸಣ್ಣ ಆಳಲ್ಲ."

ಒಳಗೆ ಗೋಡೆಗೊರಗಿ ಕುಳಿತಿದ್ದ ಮಗಳಿಗೆ ಇದೆಲ್ಲ ಕೇಳಿಸುತ್ತಿತ್ತು. ಅವಳ ಪಕ್ಕದಲ್ಲಿ ಕೆಳಮನೆಯಾಕೆ. ಒಳ್ಳೆಯ ಹೆಂಗಸೇ, ಆದರೆ ನಾಲಿಗೆಗೆ ಬಾಗಿಲಿಲ್ಲ.

"ಅಲ್ಲಾ, ಇಷ್ಟು ಜೋರಾಗಿತ್ತಾ ಕಾಯಿಲೆ?" ಎಂದಳಾಕೆ ಲಾರಿ ಡ್ರೈವರನ ಕಡೆ ತಿರುಗಿ. "ಭತ್ಯೆ ಆಫೀಸಲ್ಲಿ ಅದೇನೋ ಬೀರು ಎತ್ತಿಬಿಟ್ರಂತಲ್ಲ? ಅದಕ್ಕೇ ದುಡ್ಡು ಕೊಡಲ್ಲ ಅಂದ್ರಂತೆ? ನಾವೆಲ್ಲ ಅಂದ್ಕೊಂಡ್ವಿ..."

ಏನಂದುಕೊಂಡರೆಂದು ಆಕೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಅವರ ಕೈ ಸುಮ್ಮನೆ ಇರೋದುಂಟೇನಮ್ಮಾ," ಎಂದ ಡ್ರೈವರ್. "ಹುಟ್ಟುಗುಣ ಸುಟ್ರೂ..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡ.

"ಹೇಳಪ್ಪಾ, ಪೂರ್ತಿ ಹೇಳು," ಎಂದಳು ಮೇಸ್ತ್ರಿಯ ಹೆಂಡತಿ, ಮುಖವೆತ್ತದೆ. "ಅವರು ಇದ್ದಿದ್ರೆ ಮೊದಲು ನಗ್ತಿದ್ದೋರು ಅವರೇ."

ಯಾರೋ ಮೂಗಿನಲ್ಲೇ ನಕ್ಕರು. ಮಗಳು ನಗಲಿಲ್ಲ. ಅಪ್ಪನಿಗೆ ಅವಳು ಒಂದು ಮಾತು ಆಡಿದ್ದಳು. ಹಿಂದಕ್ಕೆ ತೆಗೆದುಕೊಳ್ಳುವ ಮೊದಲೇ ಅವರು ಹೊರಟುಹೋಗಿದ್ದರು. ನಿನ್ನೆಯಿಂದ ಅವಳಿಗೆ ಅದೊಂದೇ ಸಂಕಟ.

*

ಅಪ್ಪನಿಗಿದ್ದದ್ದು ಹೊಟ್ಟೆಯ ಕ್ಯಾನ್ಸರ್. ದುಡಿಯಲಾಗದವರಿಗೆ ಸರ್ಕಾರ ಕೊಡುವ ಭತ್ಯೆಗೆ ಅರ್ಜಿ ಹಾಕಿದವಳು ಮಗಳೇ. ಅಂಗಡಿಗೆ ರಜೆ ಹಾಕಿ ಹಾಕಿ ಮಾಲೀಕನ ಕೈಲಿ ಬೈಸಿಕೊಂಡು, ಆಸ್ಪತ್ರೆಯ ಚೀಟಿಗಳನ್ನೆಲ್ಲ ಒಟ್ಟು ಮಾಡಿದ್ದಳು. ಇನ್ನು ಉಳಿದದ್ದು ಭತ್ಯೆ ಕಚೇರಿಯ ಡಾಕ್ಟರ ಎದುರು ಹಾಜರಾಗುವುದೊಂದೇ. ಹೋಗುವಾಗ ಬಸ್ಸಿನಲ್ಲಿ ಅಪ್ಪನಿಗೆ ಪಾಠ ಹೇಳಿದಳು.

"ಹೇಗಿದೀರಿ ಅಂತ ಕೇಳ್ತಾರೆ. ಏನಂತೀಯ?"

"ಚೆನ್ನಾ..."

"ಅಪ್ಪಾ!"

"ಅಭ್ಯಾಸ ಕಣೇ. ಇಷ್ಟು ವರ್ಷ ಅದನ್ನೇ ಹೇಳ್ಕೊಂಡು ಬಂದಿದೀನಿ. ಯಾರಾದ್ರೂ ಹೇಗಿದೀರಿ ಅಂದ್ರೆ ಹೊಟ್ಟೆನೋವು ಅನ್ನೋಕಾಗುತ್ತಾ?"

"ಇವತ್ತು ಅನ್ನು. ನಿನ್ನ ದಮ್ಮಯ್ಯ."

ಕಚೇರಿಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತರು. ಅಪ್ಪನಿಗೆ ಸದಾ ಚಳಿ. ಎರಡು ಅಂಗಿ, ಮೇಲೊಂದು ಸ್ವೆಟರು, ಅದರ ಮೇಲೆ ಹಳೆಯ ಕೋಟು ತೊಟ್ಟಿದ್ದರು. ದೂರದಿಂದ ನೋಡಿದರೆ ಮೊದಲಿನ ಆಳೇ. ಅಷ್ಟರಲ್ಲಿ ಇಬ್ಬರು ಜವಾನರು ಕಡತದ ಬೀರು ಒಂದನ್ನು ಮೆಟ್ಟಿಲಿಳಿಸುತ್ತಾ ಬಂದರು. ಅಪ್ಪ ಕೂತಲ್ಲೇ ಮಿಸುಕಾಡಿದರು.

"ಉಲ್ಟಾ ಹಿಡ್ಕೊಂಡಿದಾರೆ," ಎಂದರು.

"ನಿಂಗ್ಯಾಕೆ? ಸುಮ್ನೆ ಕೂತ್ಕೋ."

"ಬಾಗಿಲು ಕಟ್ಟಿಲ್ಲ ಕಣೇ, ತೆರ್ಕೊಳ್ಳುತ್ತೆ ಈಗ."

ತೆರೆದುಕೊಂಡೇಬಿಟ್ಟಿತು. ಕೆಳಗಿದ್ದವನು ಆಯ ತಪ್ಪಿ ವಾಲಿದ. ಬೀರು ಅವನ ಎದೆಯ ಮೇಲೆ ಬರುವಷ್ಟರಲ್ಲಿ ಅಪ್ಪ ಬೆಂಚಿನಲ್ಲಿರಲಿಲ್ಲ. ಹೆಗಲು ಕೊಟ್ಟಾಗಿತ್ತು. ಮಂಡಿ ಬಗ್ಗಿಸಿ, ಉಸಿರು ಕಟ್ಟಿ, ನಾಲ್ಕು ಮೆಟ್ಟಿಲು ಅದನ್ನು ಹಾಗೇ ಆತುಕೊಂಡು ಇಳಿಸಿ ನೆಲ ಮುಟ್ಟಿಸಿದರು.

ಕೋಣೆಯ ಬಾಗಿಲಲ್ಲಿ ಡಾಕ್ಟರು ನಿಂತಿದ್ದರು.

"ಭೇಷ್! ಗಟ್ಟಿ ಆಳು ನೀವು," ಎಂದರು. ಆಗಲೂ ಏನೂ ಕೆಟ್ಟಿರಲಿಲ್ಲ. ಬೆಂಚು ಹಿಡಿದು ಏದುಸಿರು ಬಿಟ್ಟಿದ್ದರೆ ಸಾಕಿತ್ತು, ಒಂದು ಸಲ ಅಮ್ಮಾ ಅಂದಿದ್ದರೆ ಸಾಕಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಅಪ್ಪ ಬೆನ್ನು ನೆಟ್ಟಗೆ ಮಾಡಿ, ಬಿಳಿಚಿದ ಮುಖದಲ್ಲಿ ನಗು ತಂದುಕೊಂಡು, "ಇದೇನು ಮಹಾ ಸಾರ್! ಇಂಥಾವು ದಿನಕ್ಕೆ ಹತ್ತು ಇಳಿಸ್ತೀವಿ," ಎಂದುಬಿಟ್ಟರು.

ತೀರ್ಮಾನ ಬಂತು: ಕೆಲಸ ಮಾಡಲು ಶಕ್ತರು, ಭತ್ಯೆ ಇಲ್ಲ.

ಆ ದಿನ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಾಡಿದಳು. ಸುಸ್ತು, ಭಯ, ಎಲ್ಲ ಸಿಟ್ಟಾಗಿ ಬಂತು.

"ಅವರು ಹೇಳಿದ್ದೇ ಸರಿ! ನಿಂಗೇನೂ ಆಗಿಲ್ಲ. ಬೀರು ಎತ್ತೋನಿಗೆ ಎಂಥಾ ಕಾಯಿಲೆ? ನಮ್ಮನ್ನ ಗೋಳು ಹುಯ್ಕೊಳ್ಳೋಕೆ ಮಲಗಿದೀಯ ಅಷ್ಟೇ!"

ಅಪ್ಪ ಅವಳನ್ನೇ ನೋಡಿದರು. ತುಟಿಯ ಮೇಲೆ ಸಣ್ಣ ನಗು ಬಂದಂತಾಯಿತು.

"ಹಾಗಂತೀಯಾ?" ಎಂದರು.

ಆಮೇಲೆ ಅವಳು ಮೇಲ್ಮನವಿ ಹಾಕಿದಳು, ಮತ್ತೆ ಆ ಕಚೇರಿಗೆ ಅಲೆದಳು, ಅಪ್ಪನಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟಳು. ಆ ಮಾತಿನ ಸುದ್ದಿ ಮಾತ್ರ ಎತ್ತಲಿಲ್ಲ. ಎರಡನೇ ತಪಾಸಣೆಯ ದಿನ ಗೊತ್ತಾಗಲಿ, ಆಗ ಹೇಳೋಣ, ನಾಳೆ ಹೇಳೋಣ ಅಂದುಕೊಂಡಳು.

*

"ಪುಟ್ಟಿ, ಇಲ್ಲಿ ಬಾ ಸ್ವಲ್ಪ," ಎಂದು ಕುಳ್ಳ ಬಾಗಿಲಿನಿಂದ ಕರೆದ. ಸ್ಟ್ರೆಚರಿನ ಪಟ್ಟಿ ಬಿಗಿಯುವುದಕ್ಕೆ ಒಂದು ಕೈ ಬೇಕಿತ್ತು. ಅವಳು ಹಿಡಿದುಕೊಂಡಳು. ಪಟ್ಟಿ ನೋಡುತ್ತಲೇ ಕೇಳಿದಳು:

"ಮಾಮ, ಅಪ್ಪ ನನ್ನ ಬಗ್ಗೆ ಏನಾದ್ರೂ ಅಂದಿದ್ರಾ? ಬೇಜಾರು ಮಾಡ್ಕೊಂಡು?"

ಕುಳ್ಳ ಪಟ್ಟಿಯ ಕೊಕ್ಕೆ ಸಿಕ್ಕಿಸಿದ.

"ಹೇಳಬೇಡ ಅಂದಿದ್ರು," ಎಂದ. "ಇನ್ನು ಯಾರಿಗೆ ಹೆದರೋದು, ಹೇಳ್ತೀನಿ. ಭತ್ಯೆ ಇಲ್ಲ ಅಂದ ಮೇಲೆ ಒಂದಿನ ಬೆಳಿಗ್ಗೆ ಲಾರಿ ಹತ್ರ ಬಂದ್ರು. ಕೆಲ್ಸಕ್ಕೆ. ಬೇಡ ಅಂದ್ರೆ ಕೇಳ್ತಾರಾ? ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಒಂದು ಕುರ್ಚಿ ಎತ್ತೋಕೆ ಹೋದ್ರು. ಆಗ್ಲಿಲ್ಲ. ಪ್ಲಾಸ್ಟಿಕ್ ಕುರ್ಚಿ, ಪುಟ್ಟಿ. ಮಕ್ಕಳು ಎಳ್ಕೊಂಡು ಆಡ್ತಾವಲ್ಲ, ಅಂಥದ್ದು."

ಅವಳು ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಲಾರೀಲಿ ಕೂರಿಸಿ ನೀರು ಕೊಟ್ವಿ. ಮನೇಲಿ ಹೇಳಬೇಡ್ರೋ ಅಂದ್ರು. 'ನನ್ನ ಮುಖ ನೋಡಿದ್ರೆ ಎಲ್ರೂ ಕಣ್ಣೀರು ಹಾಕೋರೇ. ನಮ್ಮ ಪುಟ್ಟಿ ಒಬ್ಳೇ ಕಣ್ರೋ, ನಿಂಗೇನೂ ಆಗಿಲ್ಲ ಅಂತ ಬೈದಿದ್ದು. ಕಿವಿಗೆ ಎಷ್ಟು ಹಾಯಾಯ್ತು ಗೊತ್ತಾ? ಅವಳು ಹಾಗೇ ಅಂದ್ಕೊಂಡಿರ್ಲಿ,' ಅಂದ್ರು."

ಇದು ಸಮಾಧಾನವೋ ಏಟೋ ಅವಳಿಗೆ ತಿಳಿಯಲಿಲ್ಲ. ಅಯ್ಯೋ ಅಪ್ಪಾ, ನಾನು ಹಾಗೆ ಅಂದ್ಕೊಂಡಿರ್ಲಿಲ್ಲ, ಒಂದು ಕ್ಷಣವೂ ಅಂದ್ಕೊಂಡಿರ್ಲಿಲ್ಲ ಎಂದು ಒಳಗೆ ಓಡಿ ಹೇಳಬೇಕೆನಿಸಿತು. ಗೋಡೆಗೆ ಹಣೆ ಒತ್ತಿ ಅತ್ತಳು. ಕುಳ್ಳ ಮುಖ ತಿರುಗಿಸಿಕೊಂಡು ನಿಂತ.

ಅಪ್ಪನನ್ನು ರಗ್ಗಿನ ಸಮೇತ ಜರುಗಿಸಿ, ಪಕ್ಕದಲ್ಲಿಟ್ಟ ಸ್ಟ್ರೆಚರಿಗೆ ತಂದರು. ತಲೆಯ ಕಡೆ ಕುಳ್ಳ ಮತ್ತು ಡ್ರೈವರ್, ಕಾಲಿನ ಕಡೆ ವ್ಯಾನಿನವನು. ನಾಲ್ಕನೆಯ ಮೂಲೆಗೆ ಯಾರೋ ನೆಂಟರು ಕೈ ಚಾಚಿದರು.

"ಆ ಮೂಲೆ ನಂಗಿರ್ಲಿ," ಎಂದಳು ಮಗಳು.

"ಭಾರ ಆಗುತ್ತೆ ಪುಟ್ಟಿ. ತಿರುವಲ್ಲಿ ಎದೆ ಮಟ್ಟ ಎತ್ತಬೇಕು. ಆಗಲ್ಲ ನಿನ್ನ ಕೈಲಿ."

"ಆಗ್ಲಿ. ಎತ್ತುತ್ತೀನಿ."

ಅಮ್ಮ ತಲೆಯಾಡಿಸಿದಳು. ನೆಂಟರು ಹಿಂದೆ ಸರಿದರು.

"ಬೆನ್ನು ಬಗ್ಗಿಸ್ಬೇಡ, ಮಂಡಿ ಬಗ್ಗಿಸು," ಎಂದ ಕುಳ್ಳ. ಎಲ್ಲರೂ ಕೂತರು. ಹಿಡಿ ಭದ್ರ ಮಾಡಿಕೊಂಡರು. ಅವಳು ಎರಡೂ ಕೈ ಹಾಕಿ, ಹಲ್ಲು ಕಚ್ಚಿದಳು. "ಉಸಿರು ಕಟ್ಟಿ... ಎತ್ತು!"

ಸ್ಟ್ರೆಚರ್ ಚಂಗನೆ ಮೇಲೆ ಬಂತು. ತುಂಬಿದೆಯೆಂದು ಖಾಲಿ ಪೆಟ್ಟಿಗೆ ಎತ್ತಿದ ಹಾಗೆ. ಡ್ರೈವರ್ ಮುಗ್ಗರಿಸಿ ಒಂದು ಹೆಜ್ಜೆ ಹಿಂದೆ ಹೋದ. ಹುಟ್ಟಿದಾಗಿನಿಂದ ಭಾರ ಹೊತ್ತವರು, ಎದೆಯೆತ್ತರಕ್ಕೆ ನೆಗೆದ ಆ ಹಗುರವನ್ನು ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಕುಳ್ಳನ ಬಾಯಿ ತೆರೆದಿತ್ತು. ಕೆಳಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇಳಿಯತೊಡಗಿದರು. ಎರಡನೇ ಮಹಡಿಯ ತಿರುವಿನಲ್ಲಿ ಕಂಬಿಯ ಮೇಲಿಂದ ಹಾಯಿಸುವಾಗಲೂ ಯಾರ ಉಸಿರೂ ಏರಲಿಲ್ಲ. ಕುಳ್ಳ ಮಾತ್ರ ಅಳುತ್ತಾ, "ನಿಧಾನ, ನಿಧಾನ" ಎನ್ನುತ್ತಲೇ ಇದ್ದ.

ಕೊನೆಯ ಮೆಟ್ಟಿಲುಗಳಲ್ಲಿ ಮಗಳು ಒಂದು ಕೈ ಬಿಟ್ಟು ನೋಡಿದಳು. ಅವಳ ಮೂಲೆ ಒಂದಿಷ್ಟೂ ಇಳಿಯಲಿಲ್ಲ.