ಮೂರು ಬೆರಳಿನ ಗುಳಿ

ತಣ್ಣಗಿದೆ, ಬೆಳಿಗ್ಗೆ ಗುಬ್ಬಿಯಲ್ಲಿ ಬಸ್ಸಿಗೆ ಕಾಯುವಾಗ ಮುಖಕ್ಕೆ ಬಂದು ಕೂತಿತ್ತಲ್ಲ ಆ ಮಂಜು, ಅದೇ ತಣ್ಣಗೆ — ತೆಂಗಿನ ಮರಗಳಿಗೆ ಇವತ್ತು ತಲೆಯೇ ಇರಲಿಲ್ಲ, ಬರೀ ಕಂಬ ಕಂಬ, ಗರಿ ಇರೋ ಜಾಗದಲ್ಲೆಲ್ಲ ಬೂದಿ ಬಣ್ಣ, ದೀಪ ಮೂಗಿನ ಹತ್ತಿರ ಬಂದ ಮೇಲೇ ಅದು ಬಸ್ಸು ಅಂತ ಗೊತ್ತಾದದ್ದು, ಕಿಟಕಿ ಗಾಜನ್ನು ಸೆರಗಿನಿಂದ ಒರೆಸಿದೆ, ಮತ್ತೆ ಕಟ್ಟಿತು, ಮತ್ತೆ ಒರೆಸಿದೆ — ಈಗ ಅದೇ ಮಂಜನ್ನು ಬಟ್ಟಲಲ್ಲಿ ಕಲಸಿಕೊಂಡು ಬಂದು ಬ್ರಷ್ಷಲ್ಲಿ ಹಣೆಗೆ, ಕೆನ್ನೆಗೆ, ಮೂಗಿನ ಪಕ್ಕಕ್ಕೆ ಬಳಿದು ಹೋಗಿದ್ದಾರೆ, ಕಣ್ಣ ಮೇಲೆ ಒದ್ದೆ ಹತ್ತಿ, ಕತ್ತಲು, ತುಟಿ ಅಲ್ಲಾಡಿಸ್ಬೇಡಿ ಅಮ್ಮ, ಒಣಗೋವರೆಗೂ ಮಾತಾಡೋ ಹಾಗಿಲ್ಲ, ಮಾತಾಡಿದ್ರೆ ಬಿರುಕು ಬರುತ್ತೆ, ಬಿರುಕು ಬಂದ್ರೆ ರಿಸಲ್ಟ್ ಬರಲ್ಲ, ಆಮೇಲೆ ನಮ್ಮನ್ನ ಕೇಳ್ಬೇಡಿ — ಮೇಡಮ್ಮು ಹೇಳಿ ಹೋದಳು, ಚಪ್ಪಲಿ ಸದ್ದು ದೂರವಾಯಿತು. ಅವಳು ಡಾಕ್ಟರೋ ಏನೋ ಇವತ್ತಿಗೂ ಗೊತ್ತಿಲ್ಲ, ಬಿಳೀ ಕೋಟಿದೆ. ಫ್ಯಾನು ತಿರುಗ್ತಿದೆ, ಮುಖದ ಮೇಲಿನದು ತುದಿಯಿಂದ ಬಿಗಿಯೋಕೆ ಶುರುಮಾಡಿದೆ, ಕಿವಿ ಪಕ್ಕ ಮೊದಲು, ಆಮೇಲೆ ದವಡೆ, ಮೊಸಳೆ ಬಾಯಿ ಮುಚ್ಚಿದ ಹಾಗೆ ನಿಧಾನಕ್ಕೆ, ಶಿವಶಿವಾ ಅಂತ ಒಳಗೇ ಅಂದ್ಕೋ ರುದ್ರಮ್ಮ, ಅದಕ್ಕೆ ತುಟಿ ಬೇಡ. ಹಲಗೆ ಗೋಡೆಯ ಆಚೆ ಗಂಗಿ ಇದ್ದಾಳೆ, ನನ್ನ ತಂಗಿ, ಕುಣಿಗಲ್ಲಿಂದ ಮೊದಲ ಬಸ್ಸಿಗೆ ಬಂದವಳು, ನನ್ನ ನೋಡಿ ಬಂದವಳು, ನನ್ನ ಅಲ್ಲ, ನನ್ನ ಫೋಟೋ ನೋಡಿ.

ಬಂಗು ನಮ್ಮವ್ವನಿಗೂ ಇತ್ತು, ಎರಡೂ ಕೆನ್ನೆ ಮೇಲೆ ಕಂದು ಕಲೆ, ಹರಿದ ಎಲೆ ಅಂಟಿಸಿದ ಹಾಗೆ, ನನಗೆ ಪಲ್ಲವಿ ಹುಟ್ಟಿದ ಮೇಲೆ ಬಂತು, ಗಂಗಿಗೆ ಕುಣಿಗಲ್ಲಿಗೆ ಕೊಟ್ಟ ಮೇಲೆ ಬಂತು, ಅವ್ವ ಕನ್ನಡಿ ಮುಂದೆ ನಿಲ್ಲುತ್ತಿದ್ದದ್ದು ವಿಭೂತಿ ನೆಟ್ಟಗಿದೆಯಾ ಅಂತ ನೋಡೋಕೆ, ಅದರ ಕೆಳಗೆ ಮುಖ ಅನ್ನೋದೊಂದಿದೆ ಅಂತ ಅವಳಿಗೆ ನೆನಪಿತ್ತೋ ಇಲ್ಲವೋ. ನೀರು ಚಿಮುಕಿಸಿ, ವಿಭೂತಿ ಗಟ್ಟಿ ಮೇಲೆ ಮೂರು ಬೆರಳು ತಿಕ್ಕಿ, ಹಣೆಯ ಈ ತುದಿಯಿಂದ ಆ ತುದಿಗೆ — ಒಂದೇ ಮಗ್ಗುಲು ಸವೆಸ್ರೇ, ಸುತ್ತ ಸವೆಸಿದ್ರೆ ಗಟ್ಟಿ ಒಡೆದೋಗುತ್ತೆ, ಒಂದೇ ಮಗ್ಗುಲು ಸವೆಸಿದ್ರೆ ಗುಳಿ ಬೀಳುತ್ತೆ, ಬೆರಳು ಅದ್ರೊಳಗೆ ಮಗು ಮಲಗ್ದಂಗೆ ಮಲಗ್ತವೆ. ನನ್ನ ಗಟ್ಟಿಗೂ ಅದೇ ಗುಳಿ, ಗಂಗಿಯದಕ್ಕೂ ಅದೇ. ರಾಗಿ ಬೀಸ್ತಾ ಕಥೆ ಹೇಳೋಳು ಅವ್ವ, ಕಲ್ಲಿನ ಗರಗರಕ್ಕೆ ಮಾತು ಸೇರಿಸಿ — ಚಂದ್ರನ ಕೆನ್ನೆ ಮೇಲೆ ಒಂದು ಕಲೆ ಇತ್ತಂತೆ, ಚುಕ್ಕೆಗಳೆಲ್ಲ ನಕ್ಕವಂತೆ, ನಾಚಿಕೆಯಾಗಿ ಹೊಳೆಗೆ ಹೋಗಿ ತೊಳ್ಕೊಂಡನಂತೆ, ಕಲೆ ಹೋಗಲಿಲ್ಲ, ಚಂದ್ರನೇ ಒಂದೆಳೆ ಸವೆದ, ಮಾರನೇ ದಿನ ಇನ್ನೊಂದು ಹೊಳೆ, ಇನ್ನೊಂದೆಳೆ, ತೊಳೆದೂ ತೊಳೆದೂ ಉಗುರಿನಷ್ಟಾದ, ಆಗ ಶಿವ ಬಂದು, ಸಾಕು ಬಾರಪ್ಪ, ಇನ್ನು ತೊಳ್ಕೊಂಡ್ರೆ ನೀನೇ ಇರಲ್ಲ ಅಂತ ಎತ್ತಿ ಜಡೆಗೆ ಸಿಕ್ಕಿಸಿಕೊಂಡನಂತೆ. ಗಂಗಿ ಕೇಳೋಳು, ಕಲೆ ಹೋಯ್ತಾ ಅವ್ವ? ಹೋಗ್ಲಿಲ್ಲ ಕಣೇ, ಶಿವ ಅದನ್ನ ನೋಡ್ಲೇ ಇಲ್ಲ. ಈ ಫ್ಯಾನು ಗರಗರ ಅಂತಿದೆ, ಯಾರೋ ಎಣ್ಣೆ ಹಾಕಬಾರದಾ.

ಶಿವ ನೋಡಲಿಲ್ಲ, ಬೀಗಿತ್ತಿ ಆಗೋರು ನೋಡಿದರು. ಪಲ್ಲವಿನ ನೋಡೋಕೆ ಬಂದೋರು ನನ್ನ ನೋಡಿದರು, ಉಪ್ಪಿಟ್ಟಿನ ತಟ್ಟೆ ಕೈಯಲ್ಲೇ ಹಿಡ್ಕೊಂಡು, ಇದು ನಿಮ್ಮ ವಂಶದಲ್ಲೇ ಇದೆಯೇನ್ರೀ, ಹುಡುಗಿಗೂ ಮುಂದಕ್ಕೆ ಬರುತ್ತಾ — ಮೆತ್ತಗೆ ಕೇಳಿದರು, ನಗ್ತಾನೇ ಕೇಳಿದರು, ಪಲ್ಲವಿ ಹೆಬ್ಬೆರಳಿಂದ ಚಾಪೆ ಗೀರ್ತಾ ಕೂತಿದ್ದಳು, ನಾನು ಇಲ್ಲ ಅಂದೆ, ಇದು ಬಿಸಿಲಿಗೆ ಬಂದದ್ದು, ಹೋಗುತ್ತೆ ಅಂದೆ. ಹೋಗುತ್ತೆ ಅಂದಮೇಲೆ ಹೋಗಲೇಬೇಕಲ್ಲ. ಆ ವಾರವೇ ಫೋನಿನಲ್ಲಿ ಬಂತು, ನಮ್ಮ ನಡುಮನೆ ಮಾತು ಆ ಫೋನಿಗೆ ಹೇಗೆ ಕೇಳಿಸಿತೋ, ಬಂಗಿಗೆ ಶಾಶ್ವತ ವಿದಾಯ, ಏಳೇ ಸಿಟ್ಟಿಂಗ್, ಹುಟ್ಟಿದಾಗಿನ ಬಣ್ಣ ವಾಪಸ್, ನೂರಕ್ಕೆ ನೂರು ಗ್ಯಾರಂಟಿ, ಜರ್ಮನಿ ಮೆಷಿನ್ನು, ತುಮಕೂರು ಸದಾಶಿವನಗರ. ಹುಟ್ಟಿದಾಗ ನಾನು ಯಾವ ಬಣ್ಣ ಇದ್ದೆ ಅಂತ ಹೇಳೋಕೆ ಅವ್ವನೇ ಇಲ್ಲ, ಇವರಿಗೆ ಗೊತ್ತಂತೆ. ಯಜಮಾನರು ಕೊಬ್ಬರಿ ಸುಲೀತಾ, ಹೋಗ್ಬಾ, ಸುಣ್ಣ ಹೊಡಿಸ್ಕೊಂಡು ಬಾ, ಮದುವೆ ಮನೆ ಅಲ್ವಾ, ಗೋಡೆಗೂ ನಿನಗೂ ಒಂದೇ ಸಲ ಆಗೋಗ್ಲಿ ಅಂದರು, ನಗಲಿಲ್ಲ ನಾನು. ಮೊದಲ ದಿನ ಮೇಡಮ್ಮು ಹಣೆ ನೋಡಿದಳು, ಇದೇ ನೋಡಿ ನಿಮ್ಮ ಪ್ರಾಬ್ಲಂ, ಈ ಬೂದಿ ಹಚ್ಚಿ ಹಚ್ಚಿ ಸ್ಕಿನ್ನು ಉಸಿರಾಡ್ತಿಲ್ಲ, ಕೋರ್ಸ್ ಮುಗಿಯೋವರೆಗೂ ಬಂದ್ ಮಾಡ್ಬೇಕು. ಬೂದಿ ಹಣೆಯಲ್ಲಿದೆ, ಬಂಗು ಕೆನ್ನೆಯಲ್ಲಿದೆ, ಅದೆಂಗಮ್ಮ ಅಂತ ಕೇಳಬೇಕಿತ್ತು, ಕೇಳಲಿಲ್ಲ, ಬಿಳೀ ಕೋಟಿನ ಮುಂದೆ ನಾಲಿಗೆ ಒಳಕ್ಕೆ ಹೋಗಿ ಕೂತುಬಿಡುತ್ತೆ. ಮನೆಯಲ್ಲಿದ್ದರೆ ಬೆರಳು ತಾನಾಗೇ ಹೋಗುತ್ತೆ, ಸ್ನಾನ ಆಗಿ ಲಿಂಗ ಅಂಗೈಗೆ ಬರೋದಕ್ಕೆ ಮುಂಚೆ ಗಟ್ಟಿ ಹುಡುಕುತ್ತೆ, ತಡೆಯೋಕಾಗಲ್ಲ, ಅದಕ್ಕೇ ಗಟ್ಟೀನೇ ತಂದು ಕೌಂಟರಿನ ಹುಡುಗಿ ಅಕ್ಷತಾ ಕೈಗೆ ಕೊಟ್ಟೆ, ಮನೇಲಿಟ್ರೆ ನನ್ನ ಬೆರಳು ಕೇಳಲ್ಲ ಮಗಾ, ಎಲ್ಲೆಲ್ಲೋ ಇಡೋ ವಸ್ತು ಅಲ್ಲ ಇದು, ಕೋರ್ಸ್ ಮುಗಿಯೋವರೆಗೂ ನೀನೇ ಇಟ್ಕೊಂಡಿರು. ಎರಡೂ ಕೈ ಚಾಚಿ ತಗೊಂಡಳು, ಟಿಶ್ಯೂನಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟಳು, ನಮ್ಮಜ್ಜಿನೂ ಹಚ್ತಾರಮ್ಮ, ಮುಗಿದ ದಿನ ನಾನೇ ನಿಮ್ಮ ಕೈಗೆ ಕೊಡ್ತೀನಿ. ಡ್ರಾಯರು ಮುಚ್ಚಿತು. ಏಳು ಮುಗೀತು, ಮೂರು ಸೇರಿಸಿದರು, ನಿಮ್ಮ ಸ್ಕಿನ್ನಿಗೆ ಬಲೇ ಹಠ ಕಣಮ್ಮ ಅಂದರು, ಮತ್ತೆ ಸೇರಿಸಿದರು, ಪ್ರತಿ ಸಲ ಬಂದಾಗ ನಾನು ಆ ಡ್ರಾಯರು ನೋಡ್ತೀನಿ, ಅಕ್ಷತಾ ನನ್ನ ನೋಡ್ತಾಳೆ, ಇನ್ನೂ ಇಲ್ಲಮ್ಮ ಅಂತ ಕಣ್ಣಲ್ಲೇ ಅಂತಾಳೆ. ಬೋಳು ಹಣೆ ಇಟ್ಟುಕೊಂಡು ಪೂಜೆಗೆ ಕೂತರೆ ಅಂಗೈಯಲ್ಲಿರೋ ಶಿವ ಮುಖ ತಿರುಗಿಸಿಕೊಂಡ ಹಾಗೆ, ಅಲ್ಲ, ನಾನೇ ತಿರುಗಿಸಿಕೊಂಡದ್ದು.

ಮೂಗು ಕೆರೀತಿದೆ, ಕೈ ಎತ್ತೋ ಹಾಗಿಲ್ಲ. ಆ ಫೋಟೋ. ಮೊದಲ ದಿನವೇ ತೆಗೆದರು, ಎರಡೂ ಅವತ್ತೇ, ಅದೇ ಕುರ್ಚಿ — ಮೊದಲು ಒದ್ದೆ ಹತ್ತಿಯಿಂದ ವಿಭೂತಿ ಒರೆಸಿ, ಕೂದಲು ಹಿಂದಕ್ಕೆಳೆದು, ಮೇಲಿನ ಟ್ಯೂಬ್‌ಲೈಟ್ ಒಂದೇ ಹಾಕಿ, ನಗಬೇಡಿ ಅಮ್ಮ, ಕ್ಲಿಕ್ಕು, ಆಮೇಲೆ ಏನೋ ಕ್ರೀಮು, ಅದರ ಮೇಲೆ ಪೌಡರು, ಬಳೆ ಥರದ ದೊಡ್ಡ ದೀಪ ಮುಖದ ಮುಂದೆ, ಈಗ ನಗಿ ಅಮ್ಮ, ಮಗಳ ಮದುವೆ ನೆನೆಸ್ಕೊಳ್ಳಿ, ನೆನೆಸಿಕೊಂಡು ನಕ್ಕೆ. ಎಲ್ಲ ರೆಕಾರ್ಡಿಗೆ ಅಂದರು. ಆಮೇಲೊಂದು ದಿನ ಪಕ್ಕದ ಮನೆ ಸುಧಾ ಫೋನು ಎತ್ತಿಕೊಂಡು ಅಂಗಳ ದಾಟಿ ಓಡಿಬಂದಳು, ರುದ್ರಮ್ಮಕ್ಕಾ, ಬೆಳ್ಳಗಾಗ್ಬುಟ್ಟಿದೀರ ಕಣಕ್ಕಾ, ಒಂದು ಮಾತು ಹೇಳ್ಲಿಲ್ವಲ್ಲ ನಮಗೆ — ಇವರ ಜಾಹೀರಾತಲ್ಲಿ ಎಡಕ್ಕೊಂದು ನಾನು, ಬಲಕ್ಕೊಂದು ನಾನು, ಕೆಳಗೆ ಏಳು ಸಿಟ್ಟಿಂಗ್ ನಂತರ, ನಾನು ಅವಳ ಎದುರಿಗೇ ನಿಂತಿದೀನಿ, ಬಂಗು ಹಂಗೇ ಇದೆ, ಅವಳು ಫೋನು ನೋಡ್ಕೊಂಡು ನನ್ನ ಹೊಗಳ್ತಿದಾಳೆ, ತಲೆ ಎತ್ತಲಿಲ್ಲ. ನನ್ನ ಕಣ್ಣು ಹೋದದ್ದು ಫೋಟೋದಲ್ಲಿ ಕಿವಿ ಹಿಂದಿನ ಸೇವಂತಿಗೆಗೆ, ಬಾಗಿಲಲ್ಲಿ ಬಿಟ್ಟದ್ದು, ಅವತ್ತು ಬಸ್ಸಿನ ನೂಕಲಲ್ಲಿ ಒಂದು ಎಸಳು ಮಡಿಚಿತ್ತು, ಎಡಕ್ಕೂ ಅದೇ ಹೂ, ಬಲಕ್ಕೂ ಅದೇ ಹೂ, ಅದೇ ಮಡಿಚಿದ ಎಸಳು. ಹೇಳಬೇಕಿತ್ತು. ಅಷ್ಟರಲ್ಲಿ ಬೀಗಿತ್ತಿ ಫೋನು, ನೋಡಿದ್ವಿ ಕಣ್ರೀ ನಿಮ್ಮ ಫೋಟೋ, ಮನಸ್ಸಿಗೆ ಸಮಾಧಾನ ಆಯ್ತು, ಇನ್ನು ಶಾಸ್ತ್ರಕ್ಕೆ ದಿನ ನೋಡಿಸೋಣ, ಹೂಂ ಅಂದೆ. ಪಲ್ಲವಿ ಫೋಟೋ ನೋಡಿ, ಅಮ್ಮ, ಇದು ನೀನಾ ಅಂದಳು, ಒಂದೇ ಸಲ, ಮತ್ತೆ ಕೇಳಲಿಲ್ಲ. ಆ ಬಲಗಡೆಯವಳು ಆಗೋವರೆಗೂ ನನಗೆ ಬಿಡುಗಡೆ ಇಲ್ಲ, ಶಾಸ್ತ್ರದ ದಿನ ಬೀಗಿತ್ತಿ ಆರತಿ ತಟ್ಟೆ ಹಿಡಿದು ಅವಳನ್ನ ಹುಡುಕ್ತಾರೆ, ಅದಕ್ಕೇ ಬರ್ತೀನಿ, ಮಲಗ್ತೀನಿ, ಬಳಿಸ್ಕೊಳ್ತೀನಿ, ತೊಳೀತೀನಿ, ಮುಖದ ಚರ್ಮ ಈರುಳ್ಳಿ ಸಿಪ್ಪೆ ಹಾಗೆ ತೆಳ್ಳಗಾಗಿ ಒಲೆ ಮುಂದೆ ಕೂತರೆ ಉರೀತದೆ, ಬಂಗು ಅಲ್ಲೇ, ನಾನೇ ಒಂದೊಂದೆಳೆ.

ಬಸ್‌ಸ್ಟ್ಯಾಂಡಿನಲ್ಲಿ ಗಂಗಿ, ಹಣೆ ತುಂಬ ಮೂರು ಗೆರೆ, ಮಂಜಿನಲ್ಲಿ ಮೊದಲು ಕಂಡದ್ದೇ ಅದು, ಆಮೇಲೆ ಅವಳು. ಆ ಮಾಸ್ಕ್ ತೆಗಿಯೇ ಅಕ್ಕ, ನೋಡೋಣ ನಿನ್ನ ಸಿನಿಮಾ ಮುಖಾನ. ಬಿಸಿಲು ಬೀಳ್ಬಾರ್ದಂತೆ ಕಣೇ. ಈ ಮಂಜಲ್ಲಿ ಎಲ್ಲಿ ಬಿಸಿಲು ಕಂಡ್ಯೇ, ತಗೀ ಅಂದ್ರೆ — ನಕ್ಕಳು, ತಳ್ಳಿದಳು, ಆಟೋದಲ್ಲಿ ಉದ್ದಕ್ಕೂ ಅವಳದೇ ಮಾತು, ನಮ್ಮ ದೀಪಿಕನ್ನೂ ಗಂಡಿನ ಕಡೆಯೋರು ನೋಡೋಕೆ ಬರ್ತವ್ರೆ, ನಿನ್ನ ಥರ ನಂಗೂ ಆಗೋದ್ರೆ ಸಾಕು, ಅವ್ರು ಬಾಯಿ ಬಿಡೋಕಿಲ್ಲ, ನೀನಿದೀಯಲ್ಲ ಅಂತ ಧೈರ್ಯ, ಇಲ್ದಿದ್ರೆ ಇಂಥವ್ರನ್ನೆಲ್ಲ ನಾನು ನಂಬ್ತಿದ್ನಾ — ನಾನು ಹೂಂ ಅಂದೆ, ಮಾಸ್ಕಿನ ಒಳಗೆ ಹೂಂ, ಬೀಗಿತ್ತಿಗೆ ಅಂದ ಅದೇ ಹೂಂ. ಈಗ ಮುಖ ಪೂರಾ ಬಿಗಿದಿದೆ, ಕೆನ್ನೆ ನನ್ನದಲ್ಲ, ಗಾರೆ. ಆಚೆ ಅಕ್ಷತಾ ದನಿ, ಸಣ್ಣಕ್ಕೆ, ಅಮ್ಮ ಇಲ್ಲಿ ಕೂತ್ಕೊಳ್ಳಿ, ಫೋಟೋ ತೆಗೀಬೇಕು, ಆ — ಆ ವಿಭೂತಿ ಒರೆಸ್ಕೊಬೇಕಾಗುತ್ತೆ. ಗಂಗಿ ಕುರ್ಚಿ ಹಿಂದಕ್ಕೆ ಸರಿಸಿದ ಸದ್ದು. ವಿಭೂತಿನಾ? ನಮ್ಮಕ್ಕ ಒರೆಸಿದ್ಲಾ? ಮೇಡಮ್ಮೇ ಮಾತಾಡ್ತಾಳೆ, ಒರೆಸಿದ್ರು ಅಮ್ಮ, ಮೊದಲ ದಿನವೇ, ನೋಡಿ ಈಗ ಹೆಂಗಾಗಿದಾರೆ. ನೀರಿನ ಸದ್ದು, ಬಟ್ಟಲಿಗೆ, ಹತ್ತಿ ಅದ್ದುವ ಸದ್ದು ಕೇಳುತ್ತಾ ಯಾರಿಗಾದರೂ, ನನಗೆ ಕೇಳ್ತಿದೆ. ಅಕ್ಕ ಒರೆಸಿದ್ಲು ಅಂದ್ರೆ ಸರಿ ಬುಡಿ, ಒರೆಸಿ.

ಗಂಗೀ.

ಯಾರು ಕೂಗಿದ್ದು, ನಾನೇ, ತುಟಿಯ ಎರಡೂ ಕಡೆ ಗೋಡೆ ಗಾರೆ ಬಿಟ್ಟ ಹಾಗೆ ಬಿಟ್ಟಿತು, ಒರೆಸ್ಬೇಡ ಕಣೇ ಗಂಗೀ, ಮುಟ್ಟಿಸ್ಬೇಡ — ಚೂರು ಚೂರು ಕತ್ತಿನ ಮೇಲೆ, ರವಿಕೆ ಮೇಲೆ, ಹತ್ತಿ ಎಲ್ಲಿ ಬಿತ್ತೋ, ಬೆಳಕು ಚುಚ್ಚಿತು, ಬರಿಗಾಲು, ತಣ್ಣನೆ ನೆಲ, ಪರದೆ ಸರಿಸಿದರೆ ಕುರ್ಚಿಯಲ್ಲಿ ಗಂಗಿ ಹಣೆ ಮುಂದಕ್ಕೆ ಚಾಚಿ ಕೂತಿದಾಳೆ, ಅಕ್ಷತಾ ಕೈಯಲ್ಲಿ ಒದ್ದೆ ಹತ್ತಿ, ಹಣೆಯಿಂದ ಒಂದು ಬೆರಳು ದೂರ, ಅಲ್ಲೇ ನಿಂತಿದೆ. ಅಯ್ಯೋ ನನ್ ಶಿವ್ನೇ, ಏನಕ್ಕ ಇದು, ಅಕ್ಕಿಹಿಟ್ಟಿನ ಡಬ್ಬಕ್ಕೆ ಬಿದ್ದ ಬೆಕ್ಕಿನಂಗೆ — ಸೆರಗು ಎತ್ತಿ ಒರೆಸಿಕೊಂಡೆ, ಉರಿ, ಒರೆಸಿದೆ, ಪೂರಾ ಒರೆಸಿ ಕಿಟಕಿ ಕಡೆ ಮುಖ ತಿರುಗಿಸಿ ನಿಂತೆ, ಆಚೆ ಮಂಜು ಬಿಟ್ಟಿದೆ, ಬಿಸಿಲು ಬಂದಿದೆ, ನೋಡೇ ಅಂದೆ. ಗಂಗಿ ನೋಡಿದಳು. ಹಂಗೇ ಇದೀಯಲ್ಲಕ್ಕ. ನೀನು ನೋಡಿ ಬಂದ್ಯಲ್ಲ ಆ ಫೋಟೋ ತಗಿ ನಿನ್ನ ಫೋನಲ್ಲಿ, ಹೂ ನೋಡು, ಈ ಕಡೆಯದು, ಆಮೇಲೆ ಆ ಕಡೆಯದು. ಬೆರಳಲ್ಲಿ ದೊಡ್ಡದು ಮಾಡಿದಳು, ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು, ಅವಳೂ ಹೂ ಮುಡಿದವಳೇ, ಒಂದು ಸೇವಂತಿಗೆ ಎಷ್ಟು ಹೊತ್ತು ತಾಳುತ್ತೆ ಅಂತ ಅವಳಿಗೆ ಯಾರೂ ಹೇಳಬೇಕಿಲ್ಲ. ಮೇಡಮ್ಮು ಏನೇನೋ ಅಂತಿದ್ದಾಳೆ, ಅರ್ಧಕ್ಕೆ ಎದ್ರೆ ಗ್ಯಾರಂಟಿ ಇರಲ್ಲಮ್ಮ, ನಿಮ್ಮದೇ ತಪ್ಪಾಗುತ್ತೆ — ಆಗಲಿ ತಾಯಿ. ಶಾಸ್ತ್ರದ ದಿನ ಬೀಗಿತ್ತಿ ಬರಲಿ, ಇದೇ ಮುಖಕ್ಕೆ ಆರತಿ ಎತ್ತಲಿ, ಎತ್ತದಿದ್ದರೆ ತಟ್ಟೆ ಇಳಿಸಲಿ, ಪಲ್ಲವಿಗೆ ನಾನೇ ಹೇಳ್ತೀನಿ, ಇದು ನಿಮ್ಮಜ್ಜಿದು, ನಂದು, ನಾಳೆ ನಿಂದೂ ಆಗಬಹುದು ಮಗಳೇ — ಹೇಳೋಕಾಗುತ್ತಾ, ಚಪ್ಪಲಿ ಎಲ್ಲಿ, ಗಂಗೀ ನನ್ನ ಚಪ್ಪಲಿ. ಡ್ರಾಯರಿನ ಸದ್ದು. ಅಕ್ಷತಾ ಹತ್ತಿ ಕೆಳಗಿಟ್ಟಿದಾಳೆ, ಮೇಡಮ್ಮಿನ ಕಡೆ ನೋಡ್ತಿಲ್ಲ, ನನ್ನ ಕಡೆಯೂ ನೋಡ್ತಿಲ್ಲ, ಟಿಶ್ಯೂ ಇದ್ದದ್ದು ಯಾವಾಗ ಬಿಳೀ ಬಟ್ಟೆ ಚೂರಾಯಿತೋ, ಎರಡೂ ಕೈಯಲ್ಲಿ ಹಿಡಿದು ನನ್ನ ಅಂಗೈಯಲ್ಲಿಟ್ಟಳು, ಮುಗಿದ ದಿನ ನಾನೇ ಕೊಡ್ತೀನಿ ಅಂದಿದ್ದಳು, ಬಟ್ಟೆ ಬಿಚ್ಚಿದೆ, ನನ್ನ ಗಟ್ಟಿ, ಬೆಳ್ಳಗೆ, ಒಂದು ಮಗ್ಗುಲಲ್ಲಿ ಗುಳಿ, ಮೂರು ಬೆರಳಿನಷ್ಟೇ ಗುಳಿ, ಯಾರೂ ಮಲಗದೆ ಇಷ್ಟು ದಿನ ಹಾಗೇ ಇದ್ದದ್ದು, ಬೆರಳು ತಾನಾಗೇ ಹೋಗ್ತಿದೆ — ಗುಳಿ — ಅವ್ವ — ಗುಳಿ.