ಕಿಟಕಿಯ ಕೆಳಗಿನ ಸಾಲು

ಮೊದಲು ಗಂಟಲು ಕೆರೆದುಕೊಂಡ ಸದ್ದು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಫೋನಿನಾಚೆ ಯಾರೋ ಕಾಗದ ಸರಿಸಿದಂತೆ ಒಂದು ಸರಬರ — ಅಷ್ಟಕ್ಕೇ ಅವಳಿಗೆ ಗೊತ್ತಾಗಿಹೋಯಿತು, ಇಲ್ಲ ಎನ್ನುವುದಕ್ಕೆ ಮುಂಚೆ ಈತ ಯಾವಾಗಲೂ ಹೀಗೆಯೇ ತಡೆಯುತ್ತಾನೆ, ಹೌದು ಎನ್ನುವುದಿದ್ದರೆ ಕೆಮ್ಮಲೂ ಪುರುಸೊತ್ತಿಲ್ಲದವನಂತೆ ನೇರ ಅಂಕಿಗಳಿಗೇ ಇಳಿಯುತ್ತಾನೆ, ಮುಖವನ್ನೇ ನೋಡದ ಮನುಷ್ಯನ ಮೌನವನ್ನು ಮಾತ್ರ ಎಷ್ಟು ಚೆನ್ನಾಗಿ ಓದಲು ಕಲಿತುಬಿಟ್ಟಿದ್ದಾಳೆ. ಗಂಟಲು ಎಂದೇ ಬ್ಯಾಂಕಿನ ವಿದೇಶಿ ವ್ಯವಹಾರ ವಿಭಾಗದಲ್ಲಿ ಅವನಿಗೆ ಹೆಸರು, ಸಮುದ್ರದಾಚೆಯ ದೊಡ್ಡ ಬ್ಯಾಂಕೊಂದರಲ್ಲಿ ಇವಳಂತೆಯೇ ಮೇಜಿನ ಹಿಂದೆ ಕೂತು ಕೂದಲು ಹಣ್ಣು ಮಾಡಿಕೊಂಡವನು. ಈ ದೇಶದವರು ಹೊರಗಿನಿಂದ ಏನು ತರಿಸಿದರೂ ಇವಳ ಬ್ಯಾಂಕು ದುಡ್ಡು ಕೊಡುತ್ತೇವೆ ಎಂದು ಬರೆದುಕೊಡಬೇಕು, ಆ ಮಾತಿನ ಕೆಳಗೆ ಗಂಟಲಿನ ಬ್ಯಾಂಕು ಅವರು ಕೊಡದಿದ್ದರೆ ನಾವು ಕೊಡುತ್ತೇವೆ ಎಂದು ಒಪ್ಪಿಗೆ ಹಾಕಬೇಕು, ಆಗಲೇ ಮಾರುವವನು ನಂಬುವುದು, ಆಗಲೇ ಹಡಗು ಕಟ್ಟೆಗೆ ಬರುವುದು. ಇಬ್ಬರೂ ಸೇರಿ ಎಷ್ಟು ಹಡಗು ಇಳಿಸಿದ್ದಾರೆ, ಗೋಧಿ, ಸಿಮೆಂಟು, ಮಕ್ಕಳ ಹಾಲಿನ ಪುಡಿ, ಒಮ್ಮೆ ಹಡಗಿನ ತುಂಬ ಬರೀ ಸೈಕಲ್ಲು — ಇವಳ ಮಗನ ಮದುವೆಯ ದಿನ ಫೋನು ಮಾಡಿ ಹರಸಿದ್ದ, ಅವನ ಮಂಡಿಯ ಆಪರೇಷನ್ ಆದಾಗ ಇವಳು ಮೂರು ಹೊತ್ತೂ ವಿಚಾರಿಸಿದ್ದಳು, ಗಂಡ ನಗುತ್ತಿದ್ದರು, ನಿನಗೆ ನೆಗಡಿ ಆದ್ರೆ ಹುಷಾರು ಮಾರಾಯ್ತಿ, ಗಂಟಲು ಕಟ್ಟಿದೆ ಅಂದ್ರೆ ಯಾರದ್ದು ಅಂತ ಕೇಳಬೇಕಾಗುತ್ತೆ. ಕೇಳಿಸ್ತಿದೆಯಾ, ಎಂದ ಗಂಟಲು. ಕೇಳಿಸ್ತಿದೆ, ಹೇಳಿ. ಆಗಲಿಲ್ಲಮ್ಮ ಗ್ಯಾಸ್ ಹಡಗಿನ ಒಪ್ಪಿಗೆ, ನಿಮ್ಮ ದೇಶದ ಹೆಸರು ನೋಡಿದ ಕೂಡಲೇ ಮೇಲಿನವರು ಫೈಲು ಮುಚ್ಚಿಬಿಟ್ರು, ಮುಂದೆ ಓದಲೂ ಇಲ್ಲ. ಆದರೆ ಗ್ಯಾಸ್ ಕಂಪನಿಯವರು ಪೂರ್ತಿ ದುಡ್ಡು ನಮ್ಮಲ್ಲಿ ಕಟ್ಟಿದ್ದಾರೆ, ಎಂದಳು. ನಿಮ್ಮ ದೇಶದ ದುಡ್ಡು ಕಟ್ಟಿದ್ದಾರೆ, ಹಡಗಿನವನಿಗೆ ಬೇಕಿರೋದು ಡಾಲರ್. ಬರುತ್ತೆ, ಒಂದು ವಾರ ಕೊಡಿ, ನಾನು ಹೇಳ್ತಿದ್ದೀನಲ್ಲ. ನೀವು ಹೇಳಿದ್ದನ್ನ ನಾನು ನಂಬ್ತೀನಿ, ಯಾವತ್ತೂ ನಂಬಿದ್ದೀನಿ, ನನ್ನ ನಂಬಿಕೆ ತಗೊಂಡು ಇಲ್ಲಿ ಯಾರೂ ಹಡಗು ಇಳಿಸಲ್ಲ, ಮಾರಿದವರಿಗೆ ಬೇರೆ ಗಿರಾಕಿ ಸಿಕ್ಕಿದ್ದಾನೆ, ಸಂಜೆಯೊಳಗೆ ಹೊರಡು ಅಂತ ಹಡಗಿಗೆ ಅಪ್ಪಣೆ ಹೋಗುತ್ತೆ — ಮತ್ತೆ ಆ ಸರಬರ, ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ? ಚೆನ್ನಾಗಿದ್ದಾರೆ, ಎಂದಳು ಅವಳು, ಎಂದವಳೇ ರಿಸೀವರ್ ಇಟ್ಟಳು, ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು, ಬೆಚ್ಚಗಿತ್ತು ಅದು, ಇಷ್ಟು ಹೊತ್ತು ಕೆನ್ನೆಗೆ ಒತ್ತಿ ಹಿಡಿದದ್ದಕ್ಕೆ.

ಈಗ ಆಮೇಲೆ-ಸಾಹೇಬರಿಗೆ ಹೇಳಬೇಕು, ದೊಡ್ಡ ಮ್ಯಾನೇಜರಿಗೆ ಆ ಹೆಸರು ಬಿದ್ದದ್ದು ಯಾವುದನ್ನು ಕೇಳಿದರೂ ಆಮೇಲೆ ನೋಡೋಣ ಎನ್ನುವುದರಿಂದ, ಇವತ್ತು ಮಾತ್ರ ಅವರು ಆಮೇಲೆ ಎನ್ನಲಿಲ್ಲ, ಕುರ್ಚಿಯಿಂದ ಎದ್ದು ತಾವೇ ಬಾಗಿಲು ಹಾಕಿಕೊಂಡರು, ಯಾರಿಗೆ ಹೇಳಿದ್ದೀರಿ? ಯಾರಿಗೂ ಇಲ್ಲ ಸರ್. ಹೇಳಬೇಡಿ, ಒಂದು ಸೊಲ್ಲು ಹೊರಗೆ ಹೋಗಬಾರದು, ಸಚಿವಾಲಯದವರು ಇನ್ಯಾವುದೋ ದೇಶದ ಹತ್ತಿರ ಮಾತಾಡ್ತಿದ್ದಾರಂತೆ, ಆಗುತ್ತೋ ಬಿಡುತ್ತೋ, ಹೇಳೋದಿದ್ರೆ ಅವರೇ ಹೇಳಲಿ, ಹೋದ ತಿಂಗಳು ಆ ಇನ್ನೊಂದು ಬ್ಯಾಂಕಿನ ಮುಂದೆ ಏನಾಯ್ತು ನೋಡಿದ್ರಲ್ಲ, ಪಾಪ ಜನರ ಕೈಗೆ ಸಿಕ್ಕಿದ ಕಾವಲಿನವನು ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ಅವರ ಅಂಗಿಯ ಕಾಲರು ಬೆವರಿಗೆ ಅಂಟಿತ್ತು, ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು, ಕೆಳಗೆ ಅಷ್ಟು ಜನ ಇದ್ದಾರಮ್ಮ, ನಮ್ಮ ಬಾಗಿಲಿಗೇ ತಾಗಿಕೊಂಡು. ಗೊತ್ತು ಸರ್. ಗೊತ್ತಿಲ್ಲದೆ ಏನು, ಆ ಅಷ್ಟು ಜನರಲ್ಲಿ ಇವಳ ಗಂಡನೂ ಇದ್ದಾರೆ ಎಂದು ಮಾತ್ರ ಹೇಳಲಿಲ್ಲ, ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡು ಹೊರಗೆ ಬಂದಳು. ನಾಲ್ಕನೇ ಮಹಡಿಯ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಬಂದರಿನ ಕ್ರೇನುಗಳ ತುದಿ ಮಾತ್ರ ಕಾಣುತ್ತದೆ, ಕೆಲಸವಿಲ್ಲದೆ ನಿಂತಿವೆ, ಕೆಳಗೆ ಬೀದಿಯ ಉದ್ದಕ್ಕೂ ಗ್ಯಾಸ್ ಅಂಗಡಿಯ ಮುಚ್ಚಿದ ಷಟರಿನಿಂದ ಹಿಡಿದು ಬ್ಯಾಂಕಿನ ಬಾಗಿಲು ದಾಟಿ ತಿರುವಿನಾಚೆಗೂ ಸಾಲು, ಒಬ್ಬೊಬ್ಬರ ಕಾಲ ಬಳಿ ಒಂದೊಂದು ಖಾಲಿ ಸಿಲಿಂಡರು, ಕೊಡೆಗಳು, ಮಡಿಸುವ ಕುರ್ಚಿಗಳು, ಎಲ್ಲರಿಗೂ ತಿಳಿದಿದೆ ಹಡಗು ಬಂದು ನಿಂತಿದೆ ಎಂದು, ಬಂದರಿಗೆ ಹೋದವರು ಕಣ್ಣಾರೆ ನೋಡಿ ಬಂದಿದ್ದಾರೆ, ದೊಡ್ಡ ಹಡಗಂತೆ, ಮೇಲೆಲ್ಲ ಬಿಳಿಯ ಗುಮ್ಮಟಗಳಂತೆ. ಗಂಡ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಸುಮ್ಮನೆ ನಿಲ್ಲುವ ಜಾಯಮಾನವೇ ಅಲ್ಲ, ಸಾಲಿನಲ್ಲಿ ಜಗಳ ಆಗದಿರಲಿ ಎಂದು ಪ್ರತಿಯೊಂದು ಸಿಲಿಂಡರಿನ ಮೇಲೂ ಸೀಮೆಸುಣ್ಣದಲ್ಲಿ ನಂಬರು ಬರೆದಿದ್ದಾರಂತೆ, ಬರೆದರೆ ಬರೀ ನಂಬರು ಬರೆದಾರೆಯೇ, ಒಂದೊಂದಕ್ಕೂ ನೆರಳು ಕೊಟ್ಟು, ಬಾಲ ತೀಡಿ, ಮದುವೆ ಕಾಗದದ ಅಕ್ಷರದ ಹಾಗೆ. ಮನೆಯಲ್ಲಿ ಅವರ ಚಿತ್ರದ ಹಲಗೆಗಳೂ ಸೌದೆಯಾಗಿ ಮುಗಿದವು, ಹಿತ್ತಿಲಲ್ಲಿ ಮೂರು ಇಟ್ಟಿಗೆಯ ಒಲೆ ಹೂಡಿ ಒಂದೊಂದನ್ನೇ ತಾವೇ ಗರಗಸ ಹಾಕಿ ಕೊಯ್ದರು, ಒಳ್ಳೆ ಮರ ಕಣೇ, ಚೆನ್ನಾಗಿ ಉರಿಯುತ್ತೆ ಎಂದರು, ಬಣ್ಣ ಕುಡಿದ ಹಲಗೆ ಹಸಿರು ಹಸಿರಾಗಿ ಹೊಗೆಯಾಡಿತು, ಸೊಸೆ ಕೆಮ್ಮುತ್ತಾ ಮಗುವನ್ನೆತ್ತಿಕೊಂಡು ಒಳಗೆ ಓಡಿದಳು, ಅತ್ತೆ, ನೀರು ಕುದಿಸದೆ ಇವನಿಗೆ ಕೊಡೋಕಾಗಲ್ಲ, ಡಾಕ್ಟರು ಹೇಳಿದ್ದಾರೆ, ಇನ್ನು ಬಾಗಿಲು ಕೊಯ್ಯಬೇಕಷ್ಟೆ ಎಂದು ಮಗ ನಕ್ಕ, ಯಾರೂ ನಗಲಿಲ್ಲ.

ಇಳಿದು ಹೋಗಿ ಗಂಡನನ್ನು ಮನೆಗೆ ಕರೆದುಕೊಂಡು ಹೋಗೋಣ ಅಂದುಕೊಂಡಳು, ಹೇಳುವುದು ಬೇಡ, ಕರೆದುಕೊಂಡು ಹೋಗುವುದಕ್ಕೇನು, ಕರೆಯುವುದನ್ನು ಯಾರೂ ತಡೆದಿಲ್ಲವಲ್ಲ, ಲಿಫ್ಟಿಗೆ ಕರೆಂಟಿಲ್ಲ, ಮೆಟ್ಟಿಲ ತುಂಬ ಹೊರಗಿನ ಜನರ ಗುಜುಗುಜು ಮೇಲಕ್ಕೇರಿ ಬರುತ್ತಿದೆ, ಬಾಗಿಲಾಚೆ ಬಿಸಿಲು ಕಣ್ಣಿಗೆ ರಪ್ಪನೆ ಬಡಿಯಿತು. ಏನೇ, ಇಷ್ಟು ಬೇಗ ಬಂದೆ, ಊಟ ಆಯ್ತಾ? ರೀ, ಮನೆಗೆ ನಡೀರಿ. ಯಾಕೆ, ಮಗುಗೇನಾದ್ರೂ? ಮಗು ಚೆನ್ನಾಗಿದೆ, ಬಿಸಿಲು ನೋಡಿ, ನಿಮ್ಮ ಬೀಪಿ, ಮಾತ್ರೆ ತಗೊಂಡ್ರೋ ಇಲ್ವೋ, ನಡೀರಿ ಸುಮ್ಮನೆ, ನಾಳೆ ಬಂದ್ರಾಯ್ತು. ನಾಳೆಯಾ, ಅವರು ಕೊಡೆಯ ಕೆಳಗಿನಿಂದ ಅವಳನ್ನು ನೋಡಿದರು, ಹೋದ ಸಲ ನಿನ್ನ ಮಾತು ಕೇಳಿ ಮನೆಗೆ ಬಂದೆ, ಕಾಲು ತೊಳೆಯೋದರೊಳಗೆ ಲಾರಿ ಬಂತು, ಮರೆತ್ಯಾ, ಈಗ ಹಡಗು ಕಣ್ಣೆದುರಿಗಿದೆ, ಹೋಗು ಹೋಗು, ನೀನು ನಿನ್ನ ಕೆಲಸ ನೋಡು. ರೀ, ನಾನು ಹೇಳ್ತಿದ್ದೀನಿ, ಕೇಳಿ ಒಂದು ಸಲ — ಅಷ್ಟರಲ್ಲಿ ಅವರು ಪಕ್ಕದವರ ಕಡೆ ತಿರುಗಿಬಿಟ್ಟಿದ್ದರು, ಮುಖವೆಲ್ಲ ಬೆಳಕು, ಇವಳೇ ನೋಡಿ ನಮ್ಮ ಮನೆಯವಳು, ಹೇಳ್ತಿದ್ನಲ್ಲ, ಮೇಲೆ ವಿದೇಶದ ಲೆಕ್ಕವೆಲ್ಲ ಇವಳದ್ದೇ, ಹಡಗಿಗೆ ದುಡ್ಡು ಕಳಿಸೋದು ಇವಳ ಮೇಜಿಂದಾನೇ. ಅಯ್ಯೋ ಮೇಷ್ಟ್ರೇ, ಯಾಕೆ ಹೇಳಲಿಲ್ಲ ಮೊದಲೇ, ನಾವು ಅಕ್ಕನಿಗೆ ಹಾರ ಹಾಕ್ತಿದ್ವಲ್ಲ ಎಂದ ಒಬ್ಬ ಬೇಕರಿಯವನು, ಬೇಕರಿ ಮುಚ್ಚಿ ಎಷ್ಟು ದಿನವಾಯಿತೋ, ತೋಳಿನ ಸುಟ್ಟ ಗಾಯಗಳೆಲ್ಲ ಮಾಸಿ ಬೆಳ್ಳಗಾಗಿದ್ದವು. ಹಿಂದಿನವರು ಮುಂದೆ ಬಾಗಿದರು, ಮುಂದಿನವರು ಹಿಂದೆ ತಿರುಗಿದರು, ಗಂಡನ ಹಿಂದೆ ಸಿಲಿಂಡರಿನ ಮೇಲೆಯೇ ಕೂತಿದ್ದ ಒಬ್ಬ ಮುದುಕಿ ಮೊಣಕಾಲು ಹಿಡಿದು ಎದ್ದು ನಿಂತಳು, ಎರಡೂ ಕೈಯಿಂದ ಇವಳ ಕೈ ಹಿಡಿದಳು, ಹಿಡಿದ ಅಂಗೈ ಒರಟಾಗಿ ಬಿಸಿಯಾಗಿ, ಮಗಳೇ, ಸಿಗುತ್ತಾ ಇವತ್ತು? ಅವಳಿಗೆ ಇಲ್ಲ ಎನ್ನುವುದಕ್ಕೆ ಬಾಯಿ ತೆರೆಯಲಾಗಲಿಲ್ಲ, ಆಮೇಲೆ-ಸಾಹೇಬರ ಒದ್ದೆ ಕಾಲರು, ಆಸ್ಪತ್ರೆಯಲ್ಲಿರುವ ಆ ಕಾವಲಿನವನು, ಗೊತ್ತಿಲ್ಲ ಎಂದಾದರೂ ಹೇಳಬಹುದಿತ್ತು, ಗೊತ್ತಿಲ್ಲ ಎನ್ನಲು ಎರಡು ತುಟಿ ಸಾಕಿತ್ತು, ಆ ಹೊತ್ತಿಗೆ ಗಂಡನ ಮುಖ ಅಷ್ಟು ಹತ್ತಿರದಲ್ಲಿ, ಹೇಳೇ ಹೇಳು ಎನ್ನುವ ಹಾಗೆ — ತಲೆ ತಾನೇ ಅಲುಗಿತು, ಅತ್ತ ಹೌದಲ್ಲ ಇತ್ತ ಇಲ್ಲವಲ್ಲ, ಕಿವಿಯ ಬಳಿ ಬಂದ ನೊಣ ಓಡಿಸುವವರ ತಲೆ ಅಲುಗಿದಷ್ಟು, ಅಷ್ಟೇ ಸಾಕಾಯಿತು ಅವರಿಗೆ. ಸಿಗುತ್ತಂತೆ! ಮುದುಕಿ ಕೂಗಿದಳು, ಮೇಡಮ್ಮೇ ಹೇಳಿದ್ರು, ಸಿಗುತ್ತಂತೆ, ಬೇಕರಿಯವನು ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕಿದ, ಮಾತು ಬಾಯಿಂದ ಬಾಯಿಗೆ ದಾಟಿ ತಿರುವಿನಾಚೆ ಹೋಯಿತು, ಆಚೆಯಿಂದಲೂ ಹೋ ಎಂದು ಸದ್ದು ಬಂತು. ಇಲ್ಲ, ನಾನು ಹಾಗಂದಿಲ್ಲ, ಎಂದಳು, ಎಂದದ್ದು ಅವಳಿಗೇ ಕೇಳಿಸಲಿಲ್ಲ, ರೀ, ನಾನು ಹಾಗೆ ಹೇಳಿಲ್ಲ ಕಣ್ರೀ, ಗಂಡ ಅವಳ ಭುಜ ತಟ್ಟಿದರು, ಗೊತ್ತು, ಆಫೀಸಿನ ಗುಟ್ಟು, ನಾನೇನೂ ಕೇಳಲ್ಲ ಬಿಡು, ಹೋಗು, ಸಂಜೆ ಬಿಸಿನೀರು ಸ್ನಾನ ನಿನಗೆ.

ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಕೊಂಡಿತು, ಜೀವಮಾನವೆಲ್ಲ ಕೊಡುತ್ತೇವೆ ಎಂಬ ಒಂದೇ ಮಾತನ್ನು ಬರೆದು ಸಹಿ ಹಾಕಿ ಕಳಿಸಿದವಳು, ಅದರ ಹಿಂದೆ ದುಡ್ಡಿಲ್ಲದೆ ಯಾವತ್ತೂ ಬರೆದವಳಲ್ಲ, ಇವತ್ತು ಬರೆಯದೆಯೇ ಬೀದಿಗೆಲ್ಲ ಕೊಟ್ಟು ಬಂದಳು, ನಂಬಿಯೂ ಬಿಟ್ಟರು, ಅಲ್ಲಿ ಸಮುದ್ರದಾಚೆ ಯಾರೂ ನಂಬದ್ದನ್ನು ಇಲ್ಲಿ ಕೇಳಿದ ತಕ್ಷಣ. ಫೋನು ಆಗಲೇ ಹೊಡೆದುಕೊಳ್ಳುತ್ತಿತ್ತು, ಈ ಸಲ ಗಂಟಲು ಕೆರೆಯಲಿಲ್ಲ, ಹಡಗು ಹೊರಟಿತಮ್ಮ, ಎಂದ, ನಿಮಗೆ ಬೇರೆ ಯಾರಾದರೂ ಹೇಳೋ ಮುಂಚೆ ನಾನೇ ಹೇಳೋಣ ಅನ್ನಿಸ್ತು. ಅವಳು ಏನೋ ಕೇಳಬೇಕು ಅಂದುಕೊಂಡಳು, ಏನೆಂದು ನೆನಪಾಗಲಿಲ್ಲ, ಮಂಡಿ ಹೇಗಿದೆ ನಿಮ್ಮದು ಎಂದುಬಿಟ್ಟಳು. ನೋವಿದೆ, ಎಂದ ಅವನು, ಆಮೇಲೆ ಇಬ್ಬರೂ ಫೋನು ಹಿಡಿದೇ ಇದ್ದರು, ಕರೆಯ ದುಡ್ಡು ಓಡುತ್ತಿತ್ತು ಯಾರದ್ದೋ, ಯಾರು ಮೊದಲು ಇಟ್ಟರೋ ತಿಳಿಯಲಿಲ್ಲ. ಆಮೇಲೆ-ಸಾಹೇಬರು ಬಾಗಿಲಲ್ಲಿ ಬಂದು ನಿಂತರು, ಕೆಳಗೇನು ಗಲಾಟೆ, ಗೊತ್ತಾಗಿಬಿಡ್ತಾ? ಇಲ್ಲ ಸರ್, ಸಂತೋಷಕ್ಕೆ ಕೂಗ್ತಿದ್ದಾರೆ. ಸಂತೋಷಕ್ಕೆ? ಅವರು ಅವಳ ಮುಖ ನೋಡಿದರು, ಷಟರ್ ಹಾಕೋಕೆ ಹೇಳ್ತೀನಿ, ಹಿಂದಿನ ಬಾಗಿಲಿಂದ ಎಲ್ಲರೂ ಹೊರಡಿ, ನೀವೂ ಹೊರಡಿ. ಯಾರೋ ಡ್ರಾಯರುಗಳಿಗೆ ಬೀಗ ಹಾಕುತ್ತಿದ್ದಾರೆ, ಯಾರೋ ಅವಳ ಬ್ಯಾಗು ತಂದು ಮೇಜಿನ ಮೇಲಿಟ್ಟರು, ಅಕ್ಕ ಬನ್ನಿ, ಅವಳು ಕಿಟಕಿಯ ಹತ್ತಿರ, ಬರ್ತೀನಿ ಎನ್ನುತ್ತಾಳೆ, ಕೆಳಗೆ ಸಾಲು ಮುಂದಕ್ಕೆ ಸರಿಯುತ್ತಿದೆ, ಸರಿಯಲು ಏನೂ ಇಲ್ಲ, ಅಂಗಡಿ ತೆಗೆದಿಲ್ಲ, ಸಿಗುತ್ತದೆ ಎಂದು ಕೇಳಿದವರು ಒಬ್ಬರಿಗೊಬ್ಬರು ಒತ್ತಿಕೊಂಡು ನಡುವಿನ ಜಾಗವನ್ನು ತುಂಬಿಕೊಳ್ಳುತ್ತಿದ್ದಾರೆ ಅಷ್ಟೆ, ಗಂಡ ಕೊಡೆ ಮಡಿಸಿ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಾರೆ, ಸಿಲಿಂಡರನ್ನು ಮಲಗಿಸುತ್ತಾರೆ, ಬಾಗಿ ಎರಡೂ ಅಂಗೈಯಿಂದ ಒಂದು ಸುತ್ತು ಉರುಳಿಸುತ್ತಾರೆ, ಎತ್ತಿ ನಿಲ್ಲಿಸುತ್ತಾರೆ, ಸೊಂಟ ಹಿಡಿದುಕೊಳ್ಳುತ್ತಾರೆ, ಹಿಂದಿನ ಮುದುಕಿಯದನ್ನೂ ಹಾಗೆಯೇ ಮಲಗಿಸಿ ಉರುಳಿಸಿ ನಿಲ್ಲಿಸಿಕೊಡುತ್ತಾರೆ, ಕೈ ಕೊಡವಿ ಮೇಲೆ ನೋಡುತ್ತಾರೆ, ಯಾವ ಕಿಟಕಿ ಎಂದು ಅವರಿಗೆ ಗೊತ್ತು, ಕೈ ಎತ್ತುತ್ತಾರೆ, ಅಕ್ಕ, ಷಟರ್ ಹಾಕ್ತಿದ್ದಾರೆ ಬನ್ನಿ, ಬರ್ತೀನಿ, ಗಾಜು ತೆಗೆದು ಕೂಗಿದರೆ ಕೇಳಿಸುವಷ್ಟೇ ದೂರ, ಚಿಲಕದ ಮೇಲೆ ಕೈಯಿದೆ, ಕೈ ಅಲ್ಲೇ ಇದೆ, ಸಾಲು ಮತ್ತೆ ಗೇಣು ಸರಿಯಿತು, ಅವರು ಮತ್ತೆ ಬಾಗುತ್ತಾರೆ, ಮಲಗಿಸುತ್ತಾರೆ, ಎರಡೂ ಅಂಗೈ, ಒಂದು ಸುತ್ತು, ಎತ್ತಿ ನಿಲ್ಲಿಸುತ್ತಾರೆ, ಮತ್ತೆ ಬಾಗುತ್ತಾರೆ, ಎರಡೂ ಅಂಗೈ, ಒಂದು ಸುತ್ತು —